ಪಾಳುಬಿದ್ದ ಜಾಲತಾಣದ ಜೀರ್ಣೋದ್ಧಾರ

ಗುಡಿಗೆ, ಕೆರೆಗೆ, ಹಳೆಯ ಮನೆಗೆ ಜೀರ್ಣೋದ್ಧಾರವೆಂಬುದು ಇರುವಂತೆ ಜಾಲತಾಣಕ್ಕೂ ಅದು ಅವಶ್ಯವೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಕಲ್ಲು ಸವೆಯುತ್ತದೆ, ಮರಕ್ಕೆ ಗೆದ್ದಲು ಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಬರೆದಿಟ್ಟ ಅಕ್ಷರಕ್ಕೆ ಏನಾದೀತು? ಅಕ್ಷರಕ್ಕೆ ಏನೂ ಆಗುವುದಿಲ್ಲ, ನಿಜ. ಆದರೆ ಅದನ್ನು ಹೊತ್ತು ನಿಂತ ತಂತ್ರಾಂಶ ಹಳತಾಗುತ್ತದೆ. ಸಂಸ್ಥೆಯೊಂದರ ಉತ್ಸಾಹಿ ಸದಸ್ಯರು ಜಾಲತಾಣವನ್ನು ನಿರ್ಮಿಸಿಕೊಡುತ್ತಾರೆ. ಹಳೆಯ ಸಂಚಿಕೆಗಳು, ಭಾಷಣಗಳು, ಅಗಲಿದ ಹಿರಿಯರ ಬರಹಗಳು ಅಲ್ಲಿ ಸೇರುತ್ತವೆ. ಕಾಲಾನಂತರ ಆ ಸದಸ್ಯರಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ತಾಣವನ್ನು ಕೇಳುವವರಿಲ್ಲದಂತಾಗುತ್ತದೆ.

ಬೆಂಬಲ ನಿಲ್ಲುವುದೆಂದರೇನು?

ತಂತ್ರಾಂಶದ ಪ್ರತಿಯೊಂದು ಆವೃತ್ತಿಗೂ ಒಂದು ಆಯುಷ್ಯವುಂಟು. ಅನೇಕ ಜಾಲತಾಣಗಳಿಗೆ ಆಧಾರವಾಗಿದ್ದ ಡ್ರೂಪಲ್ ೭ ಎಂಬ ತಂತ್ರಾಂಶ ೨೦೧೧ರ ಜನವರಿ ೫ರಂದು ಬಿಡುಗಡೆಯಾಯಿತು. ೨೦೨೫ರ ಜನವರಿ ೫ರಂದು ಅದರ ಅಧಿಕೃತ ಬೆಂಬಲ ನಿಂತಿತು. ಇಂತಹ ತಾಣಗಳನ್ನು ನಡೆಸುವ ಪಿಎಚ್‌ಪಿ ಭಾಷೆಯ ೫.೬ನೆಯ ಆವೃತ್ತಿಗೆ ೨೦೧೮ರ ಡಿಸೆಂಬರ್ ೩೧ ಕೊನೆಯ ದಿನವಾಗಿತ್ತು.

ಬೆಂಬಲ ನಿಂತ ಮರುದಿನವೂ ತಾಣ ಎಂದಿನಂತೆಯೇ ತೆರೆದುಕೊಳ್ಳುತ್ತದೆ. ಅಪಾಯವಿರುವುದು ಈ ನೆಮ್ಮದಿಯಲ್ಲಿಯೇ. ಅನಂತರ ಪತ್ತೆಯಾಗುವ ದೋಷಗಳನ್ನು ತಿದ್ದುವ ಹೊಣೆ ತಯಾರಕರಿಗಿಲ್ಲ. ಕಳ್ಳರಿಗಾದರೋ ದೋಷದ ಸುದ್ದಿ ತಿಳಿದಿರುತ್ತದೆ. ೨೦೧೪ರ ಅಕ್ಟೋಬರ್ ೧೫ರಂದು ಡ್ರೂಪಲ್ ೭ರಲ್ಲಿ ಒಂದು ಗಂಭೀರ ದೋಷ ಪ್ರಕಟವಾಯಿತು. ಪ್ರಕಟಣೆಯಾದ ೭ ಗಂಟೆಗಳೊಳಗೆ ತಿದ್ದುಪಡಿಯನ್ನು ಅಳವಡಿಸದಿದ್ದ ಪ್ರತಿಯೊಂದು ತಾಣವೂ ಕಳ್ಳರ ವಶವಾಗಿದೆಯೆಂದೇ ಭಾವಿಸಬೇಕೆಂದು ಅದರ ಭದ್ರತಾ ತಂಡವೇ ಅನಂತರ ಎಚ್ಚರಿಸಿತು. ಬೆಂಬಲವಿದ್ದ ಕಾಲದ ಮಾತು ಇದು. ಬೆಂಬಲವೇ ಇಲ್ಲದ ತಾಣದ ಪಾಡನ್ನು ವಾಚಕರೇ ಊಹಿಸಬಹುದು.

ಇನ್ನೊಂದು ವಿಪತ್ತು ಸರ್ವರಿನ ಕಡೆಯಿಂದ ಬರುತ್ತದೆ. ಬಾಡಿಗೆಗೆ ಸರ್ವರ್ ಒದಗಿಸುವವರು ಹಳೆಯ ಪಿಎಚ್‌ಪಿಯನ್ನು ತೆಗೆದು ಹೊಸದನ್ನು ಹಾಕುತ್ತಾರೆ. ಡೇಟಾಬೇಸಿನೊಡನೆ ಮಾತನಾಡುವ ಹಳೆಯ ಆಜ್ಞೆಗಳ ಒಂದು ಗುಂಪನ್ನೇ ೨೦೧೫ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ ೭ ಕೈಬಿಟ್ಟಿತು. ಅವನ್ನು ನೆಚ್ಚಿಕೊಂಡಿದ್ದ ತಾಣ ಆ ಬದಲಾವಣೆಯಾದೊಡನೆ ನಿಂತುಹೋಗುತ್ತದೆ.

ಪುನರುಜ್ಜೀವನದ ಕ್ರಮ

ಇಲ್ಲಿ ಅಸಲು ಯಾವುದು, ಆಡಳಿತವೆಚ್ಚ ಯಾವುದು ಎಂಬ ವಿವೇಚನೆ ಮುಖ್ಯ. ಬರಹ ಮತ್ತು ಚಿತ್ರಗಳೇ ಅಸಲು. ತಂತ್ರಾಂಶ ಕೇವಲ ಬಾಡಿಗೆಯ ಕಟ್ಟಡ. ಕಟ್ಟಡದ ದುರಸ್ತಿಗೆ ಮೊದಲು ಅಸಲನ್ನು ಭದ್ರಪಡಿಸತಕ್ಕದ್ದು.

೧. ತಾಣದ ವಿಳಾಸ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಪಾಸ್‌ವರ್ಡ್ ಯಾರ ಬಳಿಯಿದೆ ಎಂಬುದನ್ನು ಮೊದಲು ತಿಳಿಯಬೇಕು. ಡಾಟ್ ಕಾಮ್ ವಿಳಾಸವೊಂದು ನವೀಕರಣವಾಗದೆ ರದ್ದಾದರೆ, ಒತ್ತೆಯಿಟ್ಟ ಒಡವೆಯಂತೆ ಅಧಿಕ ಶುಲ್ಕ ತೆತ್ತು ಬಿಡಿಸಿಕೊಳ್ಳಲು ೩೦ ದಿನಗಳ ಅವಕಾಶವುಂಟು. ಆ ಬಳಿಕ ಅದು ಅನ್ಯರ ಪಾಲಾಗಬಹುದು.

೨. ಅನಂತರ ಸಂಪೂರ್ಣ ಪ್ರತಿ ತೆಗೆಯಬೇಕು. ಬರಹಗಳು ಡೇಟಾಬೇಸಿನಲ್ಲಿಯೂ ಚಿತ್ರಗಳು ಕಡತಗಳಲ್ಲಿಯೂ ಇರುವುದರಿಂದ ಎರಡನ್ನೂ ತೆಗೆಯುವುದು ಅವಶ್ಯ. ಪ್ರತಿಯನ್ನು ಎರಡು ಬೇರೆ ಸ್ಥಳಗಳಲ್ಲಿಟ್ಟು, ಅದು ತೆರೆದುಕೊಳ್ಳುವುದೇ ಎಂದು ಪರೀಕ್ಷಿಸಬೇಕು. ತಾಣವೇ ಅಳಿಸಿಹೋಗಿದ್ದರೆ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ಪುಟಗಳ ಪ್ರತಿಗಳು ದೊರೆಯುವ ಸಂಭವವುಂಟು. ೧೯೯೬ರಲ್ಲಿ ಆರಂಭವಾದ ಆ ಸಂಸ್ಥೆ ತನ್ನ ಸಂಗ್ರಹವನ್ನು ೨೦೦೧ರಿಂದ ಸಾರ್ವಜನಿಕರಿಗೆ ತೆರೆದಿದೆ.

೩. ಸೋಂಕಿನ ತಪಾಸಣೆ ಮೂರನೆಯದು. ಪರಿಚಯವಿಲ್ಲದ ನಿರ್ವಾಹಕರ ಹೆಸರುಗಳು, ಯಾರೂ ಬರೆಯದ ಜಾಹೀರಾತು ಪುಟಗಳು ಕಂಡರೆ ಕಳ್ಳರು ಒಳಹೊಕ್ಕಿದ್ದಾರೆಂದೇ ತಿಳಿಯಬೇಕು. ಆಗ ಬರಹ, ಚಿತ್ರಗಳನ್ನು ಪರಿಶೀಲಿಸಿ ತೆಗೆದುಕೊಂಡು, ತಂತ್ರಾಂಶವನ್ನು ಮೂಲದಿಂದ ಹೊಸದಾಗಿ ತರುವುದೇ ಕ್ಷೇಮ. ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕು.

೪. ಹೊಸ ತಾಣವನ್ನು ಪ್ರತ್ಯೇಕ ಜಾಗದಲ್ಲಿ ಕಟ್ಟಿ, ಪರೀಕ್ಷಿಸಿ, ಅನಂತರವೇ ಜನರಿಗೆ ತೆರೆಯಬೇಕು. ಡ್ರೂಪಲ್ ೭ರಿಂದ ಮುಂದಿನ ಆವೃತ್ತಿಗಳಿಗೆ ಹೋಗುವುದು ರಿಪೇರಿಯಲ್ಲ, ಮನೆ ಬದಲಾವಣೆ: ಹೊಸ ಮನೆ ಕಟ್ಟಿ ಸಾಮಾನುಗಳನ್ನು ಸಾಗಿಸಬೇಕು. ಹಳೆಯ ಬರಹಗಳನ್ನು ಓದಲು ಮಾತ್ರ ಇಡುವ ತಾಣಕ್ಕೆ ಡೇಟಾಬೇಸೇ ಬೇಡ, ಸಿದ್ಧಪುಟಗಳು ಸಾಕು. ಬೀಗ, ಬಾಗಿಲುಗಳು ಕಡಿಮೆಯಾದಷ್ಟೂ ಕಾವಲಿನ ಹೊರೆ ಕಡಿಮೆ. ಪುಟಗಳ ಹಳೆಯ ವಿಳಾಸಗಳಿಗೆ ಬಂದವರು ಹೊಸ ಪುಟಕ್ಕೆ ತಾವಾಗಿಯೇ ತಲಪುವ ಏರ್ಪಾಡೂ ಇರಬೇಕು.

ಕನ್ನಡಕ್ಕೆ ವಿಶೇಷ ಎಚ್ಚರಿಕೆ

ಹಳೆಯ ಕನ್ನಡ ತಾಣಗಳಿಗೆ ಇನ್ನೊಂದು ತೊಡಕುಂಟು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ಅದು ಎಲ್ಲರ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಅನೇಕ ಬರಹಗಳು ಹಳೆಯ ನುಡಿ, ಶ್ರೀಲಿಪಿ ಮೊದಲಾದ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದವು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಲಾಗಿತ್ತು. ಆ ವಿನ್ಯಾಸ ದೊರೆಯದ ಕಂಪ್ಯೂಟರಿನಲ್ಲಿ ಇಡೀ ಲೇಖನ ಅರ್ಥವಿಲ್ಲದ ರೋಮನ್ ಗೀಚುಗಳಾಗಿ ಕಾಣುತ್ತದೆ. ಹುಡುಕಿದರೆ ಸಿಗುವುದೂ ಇಲ್ಲ.

ಅಂತಹ ಬರಹವನ್ನು ಹಾಗೆಯೇ ಹೊಸ ತಾಣಕ್ಕೆ ಸಾಗಿಸಿದರೆ ಸೀಲು ಮುರಿಯದ ಪೆಟ್ಟಿಗೆಯನ್ನು ಸಾಗಿಸಿದಂತೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶಗಳಿವೆ. ಆದರೆ ಹಳೆಯ ವಿನ್ಯಾಸದಲ್ಲಿ ಅರ್ಕಾವೊತ್ತನ್ನು ಬರೆದದ್ದು ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ಬರೆಯುವುದು ಉಚ್ಚಾರಣೆಯ ಕ್ರಮದಲ್ಲಿ. ಇಂತಹ ಕಡೆ ಯಂತ್ರ ತಪ್ಪಬಹುದು. ಆದ್ದರಿಂದ ಕನ್ನಡ ಬಲ್ಲವರು ಕುಳಿತು ಸಾಲುಸಾಲಾಗಿ ಓದಿ ತಿದ್ದಬೇಕು. ತಾಂತ್ರಿಕ ಜ್ಞಾನವಿಲ್ಲದ ಹಿರಿಯ ಸದಸ್ಯರ ಸೇವೆ ಇಲ್ಲಿ ಅಮೂಲ್ಯವಾದುದು.

ಮುಂದಿನ ಪಾಲನೆ

೨೦೦೯ರ ಅಕ್ಟೋಬರ್ ೨೬ರಂದು ಯಾಹೂ ಸಂಸ್ಥೆಯ ಜಿಯೋಸಿಟೀಸ್ ಸೇವೆ ಮುಚ್ಚಿದಾಗ ಜನಸಾಮಾನ್ಯರು ರಚಿಸಿದ್ದ ಅಸಂಖ್ಯ ಪುಟಗಳು ಸ್ಥಾನ ಕಳೆದುಕೊಂಡವು. ಕೆಲವರು ಮುಂದಾಗಿ ಪ್ರತಿ ಮಾಡಿಟ್ಟಷ್ಟು ಮಾತ್ರ ಉಳಿಯಿತು. ಜೀರ್ಣೋದ್ಧಾರ ಒಮ್ಮೆ ಮಾಡಿ ಮರೆಯುವ ಕಾರ್ಯವಲ್ಲವೆಂಬುದಕ್ಕೆ ಇದು ಸಾಕ್ಷಿ. ವಾರ್ಷಿಕ ಆಯವ್ಯಯದಲ್ಲಿ ತಾಣದ ಪಾಲನೆಗೊಂದು ಬಾಬ್ತು ಇರಲಿ. ಕೀಲಿಕೈ ಒಬ್ಬರಲ್ಲಿ ಮಾತ್ರವಲ್ಲದೆ ಇಬ್ಬರು ಪದಾಧಿಕಾರಿಗಳಲ್ಲಿರಲಿ. ಬಳಸುತ್ತಿರುವ ತಂತ್ರಾಂಶದ ಬೆಂಬಲ ಮುಗಿಯುವ ದಿನಾಂಕವನ್ನು ವಿಮೆಯ ಕಂತಿನಂತೆ ಗುರುತು ಹಾಕಿಡಲಿ. ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸುವ ಸಂಸ್ಥೆ ತನ್ನ ಹಿರಿಯರ ಬರಹಗಳಿಗೂ ಅಷ್ಟೇ ಕಾಳಜಿ ತೋರಿದರೆ, ಮುಂದಿನ ಪೀಳಿಗೆಗೆ ಅವು ಓದಲು ದೊರೆತಾವು.