ಸೊಳ್ಳೆ ಬ್ಯಾಟ್ ಒಳಗೆ ಏನಿದೆ? 4 ವೋಲ್ಟ್ ಬ್ಯಾಟರಿಯಿಂದ 1,500 ವೋಲ್ಟ್ ಕಿಡಿ ಬರೋದು ಹೇಗೆ, ಗ್ಯಾಸ್ ವಾಸನೆ ಬಂದಾಗ ಅದನ್ನ ಯಾಕೆ ಒತ್ತಬಾರದು

ಮಾಕಳಿ: ಸಂಜೆ ಆರು ಗಂಟೆ ದಾಟಿದ್ರೆ ತುಮಕೂರು ರಸ್ತೆಯ ಎರಡೂ ಬದಿ ಅಂಗಡಿಗಳಲ್ಲಿ ಒಂದೇ ಶಬ್ದ, ಚಟ್ ಚಟ್. ದಿನಸಿ ಅಂಗಡಿ, ಬೇಕರಿ, ಮೆಡಿಕಲ್, ಪಂಕ್ಚರ್ ಶಾಪ್ ಎಲ್ಲಾ ಕಡೆ ಗಲ್ಲಾಪೆಟ್ಟಿಗೆ ಪಕ್ಕ ಒಂದು ಸೊಳ್ಳೆ ಬ್ಯಾಟ್ ಇದ್ದೇ ಇರುತ್ತೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ಸೊಳ್ಳೆ ಅಂದ್ರೆ ಜನಕ್ಕೆ ಭಯ ಇರೋದು ಸುಮ್ಮನೆ ಅಲ್ಲ. (ಡೆಂಗಿ ಹರಡೋ ಈಡಿಸ್ ಸೊಳ್ಳೆ ಜಾಸ್ತಿ ಕಚ್ಚೋದು ಹಗಲು ಹೊತ್ತು. ನಾವು ಬ್ಯಾಟ್ ಕೈಗೆ ತಗೊಳ್ಳೋದು ಮಾತ್ರ ರಾತ್ರಿ. ಅದು ಬೇರೆ ವಿಷಯ.)

ಆದ್ರೆ ಈ ಬ್ಯಾಟ್ ಅಂದ್ರೆ ಏನು ಅಂತ ಯೋಚನೆ ಮಾಡಿದೋರು ಕಡಿಮೆ. ಇದು ಕೈಯಲ್ಲಿ ಹಿಡಿದು ಓಡಾಡಬಹುದಾದ, ಬ್ಯಾಟರಿಯಲ್ಲಿ ನಡೆಯೋ ಒಂದು ಹೈ ವೋಲ್ಟೇಜ್ ಕಿಡಿ ಯಂತ್ರ. ಅಡುಗೆ ಮನೆಯಲ್ಲೇ ನೇತುಹಾಕಿ ಇಟ್ಟಿರ್ತೀವಿ.

ಹಿಡಿಕೆಯ ಒಳಗೆ ನಡೆಯೋದು

ಹಿಡಿಕೆಯ ಸ್ಕ್ರೂ ಬಿಚ್ಚಿದ್ರೆ ಮೊದಲು ಕಾಣೋದು ಬ್ಯಾಟರಿ. ಹಳೇ ಮಾದರಿಗಳಲ್ಲಿ 4 ವೋಲ್ಟ್‌ನ ಲೆಡ್ ಆಸಿಡ್, ಈಗಿನ ಹೊಸದರಲ್ಲಿ 3.7 ವೋಲ್ಟ್‌ನ ಲಿಥಿಯಂ. 4 ವೋಲ್ಟ್ ಬ್ಯಾಟರಿಯ ಎರಡು ತುದಿ ಬೆರಳಲ್ಲಿ ಮುಟ್ಟಿದ್ರೆ ಏನೂ ಗೊತ್ತಾಗಲ್ಲ. ಇದರಿಂದ ಸೊಳ್ಳೆ ಸುಡೋ ಕಿಡಿ ಹೊರಡಬೇಕು ಅಂದ್ರೆ ಮೂರು ಹಂತದ ಕೆಲಸ ಇದೆ.

ಟ್ರಾನ್ಸ್‌ಫಾರ್ಮರ್‌ಗೆ ನೇರ ಕರೆಂಟ್ ಅಂದ್ರೆ ಡಿಸಿ ಕೊಟ್ರೆ ಕೆಲಸ ಮಾಡಲ್ಲ, ಏರಿಳಿಯೋ ಕರೆಂಟೇ ಬೇಕು. ಇದನ್ನ ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಬಿಟ್ಟಿದ್ದ. ಹಾಗಾಗಿ ಬ್ಯಾಟ್ ಒಳಗಿನ ಒಂದು ಟ್ರಾನ್ಸಿಸ್ಟರ್ ಬ್ಯಾಟರಿ ಕರೆಂಟನ್ನ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುತ್ತೆ. ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದಿರೋ ಫೆರೈಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದು ಕಡೆ ಕೆಲವೇ ಸುತ್ತು ತಂತಿ, ಇನ್ನೊಂದು ಕಡೆ ಕೂದಲೆಳೆಯಂಥ ತಂತಿ ನೂರಾರು ಸುತ್ತು. 4 ವೋಲ್ಟ್ ಇಲ್ಲಿ ಕೆಲವು ನೂರು ವೋಲ್ಟ್ ಆಗುತ್ತೆ. ಆಮೇಲೆ ಡಯೋಡ್, ಕೆಪಾಸಿಟರ್‌ಗಳ ಏಣಿ. ಒಂದೊಂದು ಮೆಟ್ಟಿಲಲ್ಲೂ ವೋಲ್ಟೇಜ್ ಕೂಡ್ತಾ ಹೋಗಿ ಕೊನೆಗೆ ಸಾವಿರ, ಒಂದೂವರೆ ಸಾವಿರ, ಕೆಲವದರಲ್ಲಿ ಅದಕ್ಕೂ ಮೇಲೆ ಬಂದು ನಿಲ್ಲುತ್ತೆ. ಸ್ಕೂಟರ್‌ನಲ್ಲಿ 12 ವೋಲ್ಟ್‌ನಿಂದ ಪ್ಲಗ್‌ಗೆ ಹತ್ತಾರು ಸಾವಿರ ವೋಲ್ಟ್ ಕಳಿಸೋ ಇಗ್ನಿಷನ್ ಕಾಯಿಲ್ ಕೂಡ ಇದೇ ಜಾತಿ.

ಈ ವೋಲ್ಟೇಜ್ ಬಲೆಯ ತಂತಿಗಳಿಗೆ ಹೋಗುತ್ತೆ. ಮೂರು ಪದರದ ಬಲೆ ಇದ್ರೆ ನಡುವಿನದು ಒಂದು ತುದಿ, ಹೊರಗಿನ ಎರಡೂ ಇನ್ನೊಂದು ತುದಿ. ಗಾಳಿಯಲ್ಲಿ 1 ಮಿಲಿಮೀಟರ್ ದೂರ ಕಿಡಿ ಹಾರಬೇಕು ಅಂದ್ರೆ ಸುಮಾರು 3,000 ವೋಲ್ಟ್ ಬೇಕು. ಬಲೆಗಳ ನಡುವೆ ಕೆಲವು ಮಿಲಿಮೀಟರ್ ಅಂತರ ಇರೋದರಿಂದ ಸುಮ್ಮನಿದ್ದಾಗ ಕಿಡಿ ಬರಲ್ಲ. ಸೊಳ್ಳೆ ಒಳಗೆ ಬಂದ್ರೆ ಅದರ ಮೈಯೇ ಸೇತುವೆ. ಉಳಿದ ಚೂರು ಅಂತರವನ್ನ ಕಿಡಿ ಹಾರಿ ದಾಟುತ್ತೆ. ಅದೇ ಚಟ್.

ಮನುಷ್ಯರಿಗೆ ಬಡಿದ್ರೆ ಯಾಕೆ ಸಾಯಲ್ಲ? ವೋಲ್ಟೇಜ್ ಜಾಸ್ತಿ ಇದ್ರೂ ಸರಕು ಕಡಿಮೆ. ಬಲೆಗೆ ಸೇರಿಸಿರೋ ಕೆಪಾಸಿಟರ್ 0.047 ಮೈಕ್ರೋಫ್ಯಾರಡ್‌ನದು, ವೋಲ್ಟೇಜ್ 1,500 ಅಂತ ಇಟ್ಕೊಳ್ಳಿ. ಲೆಕ್ಕ ಹಾಕಿದ್ರೆ ಅದರಲ್ಲಿ ತುಂಬಿರೋ ಶಕ್ತಿ ಸುಮಾರು 0.05 ಜೂಲ್. ಕೈ ಜುಮ್ ಅಂತ ಹಾರುತ್ತೆ, ಅಷ್ಟೇ. ಮನೆಯ 230 ವೋಲ್ಟ್ ಲೈನ್ ಹಾಗಲ್ಲ, ನೀವು ಹಿಡಿದಿರೋ ತನಕ ಅದು ಹರೀತಾನೇ ಇರುತ್ತೆ. ಹಾಗಂತ ಬ್ಯಾಟ್ ಆಟದ ಸಾಮಾನು ಅಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡೋರು, ಚಿಕ್ಕ ಮಕ್ಕಳು ಇದರಿಂದ ದೂರ ಇರಬೇಕು. ಇದರ ಸರ್ಕ್ಯೂಟ್ ಕಿತ್ತು ಗೆಳೆಯರಿಗೆ ಶಾಕ್ ಕೊಡೋ ಆಟ ಆಡೋ ಹುಡುಗರಿಗೂ ಇದೇ ಮಾತು.

ಸೊಳ್ಳೆಗಿಂತ ಗ್ಯಾಸ್ ದೊಡ್ಡ ವಿಷಯ

ಮೇಲೆ ಹೇಳಿದ 0.05 ಜೂಲ್ ಅಂದ್ರೆ 50 ಮಿಲಿಜೂಲ್. ಗಾಳಿಯಲ್ಲಿ ಸರಿಯಾದ ಪ್ರಮಾಣದಲ್ಲಿ ಬೆರೆತ ಅಡುಗೆ ಗ್ಯಾಸ್ ಹೊತ್ತಿಕೊಳ್ಳೋಕೆ ಬೇಕಾಗಿರೋದು ಎಷ್ಟು ಗೊತ್ತಾ? ಸುಮಾರು 0.25 ಮಿಲಿಜೂಲ್. ಅಂದ್ರೆ ಬ್ಯಾಟ್‌ನ ಒಂದು ಚಟ್‌ನಲ್ಲಿ ಬೇಕಾದ್ದರ 200 ಪಟ್ಟು ಶಕ್ತಿ ಇದೆ. ಅರ್ಧಕ್ಕರ್ಧ ಪೋಲಾದ್ರೂ 100 ಪಟ್ಟು.

ಫ್ರಾನ್ಸ್‌ನ ಡೋರ್ಡೋನ್ ಪ್ರಾಂತ್ಯದಲ್ಲಿ 2020ರಲ್ಲಿ 80 ದಾಟಿದ ಒಬ್ಬ ಅಜ್ಜ ಇಂಥದೇ ಬ್ಯಾಟ್‌ನಲ್ಲಿ ನೊಣ ಹೊಡೆಯೋಕೆ ಹೋದರು. ಮನೆಯಲ್ಲಿ ಗ್ಯಾಸ್ ಸೋರಿತ್ತು. ಅಡುಗೆ ಮನೆ ಹಾರಿಹೋಯ್ತು, ಅಜ್ಜ ಸಣ್ಣ ಗಾಯದಲ್ಲಿ ಪಾರಾದರು. ನಮ್ಮ ಪಕ್ಕದ್ದೇ ನೋಡಿ. 2025ರ ಮೇ 1ರಂದು ನೆಲಮಂಗಲ ಬಳಿಯ ಅಡಕಮಾರನಹಳ್ಳಿಯಲ್ಲಿ ಸಿಲಿಂಡರ್ ಸೋರಿ ಬೆಂಕಿ ಹೊತ್ತಿ ಇಬ್ಬರು ಜೀವ ಕಳಕೊಂಡರು. ಅಲ್ಲಿ ಬ್ಯಾಟ್ ಇರಲಿಲ್ಲ. ಆದ್ರೆ ಸೋರಿದ ಗ್ಯಾಸ್ ಎಷ್ಟು ಬೇಗ ಕೈ ಮೀರುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ.

ಎಲ್‌ಪಿಜಿ ಗಾಳಿಗಿಂತ ಭಾರ. ಅದು ಮೇಲೆ ಹೋಗಲ್ಲ, ನೆಲದಲ್ಲಿ ಹರಡಿ ಮಂಚದ ಕೆಳಗೆ, ಮೂಲೆಯಲ್ಲಿ ಕೂರುತ್ತೆ. ಗಾಳಿಯಲ್ಲಿ ಸುಮಾರು ಶೇ 2 ಸೇರಿದ್ರೆ ಸಾಕು, ಕಿಡಿ ಸಿಕ್ಕರೆ ಹೊತ್ತುತ್ತೆ. ಬ್ಯಾಟ್ ಬೀಸೋದು ಎಲ್ಲಿ? ಅದೇ ಮಂಚದ ಕೆಳಗೆ, ಅದೇ ಮೂಲೆಯಲ್ಲಿ. ಮಾಕಳಿ, ಮಾದನಾಯಕನಹಳ್ಳಿ ಸುತ್ತ ಫ್ಯಾಕ್ಟರಿ ಕೆಲಸಕ್ಕೆ ಬಂದೋರು ಇರೋ ಒಂದೇ ರೂಮಿನ ಶೀಟ್ ಮನೆಗಳಲ್ಲಿ ಒಲೆ, ಹಾಸಿಗೆ, ಸಿಲಿಂಡರ್ ಎಲ್ಲಾ ಒಂದೇ ಕಡೆ. ಸೊಳ್ಳೆ ಬರುತ್ತೆ ಅಂತ ಕಿಟಕಿನೂ ಮುಚ್ಚಿರ್ತಾರೆ. ನನ್ನ ಪ್ರಕಾರ ಬ್ಯಾಟ್ ಮಾರೋ ಅಂಗಡಿಯವರು ಗಿರಾಕಿಗೆ ಹೇಳಬೇಕಾದ ಮೊದಲ ಮಾತು ಗ್ಯಾರಂಟಿ ಬಗ್ಗೆ ಅಲ್ಲ, ಇದರ ಬಗ್ಗೆ.

ಗ್ಯಾಸ್ ವಾಸನೆ ಬಂದ್ರೆ ಬ್ಯಾಟ್ ಒತ್ತಬೇಡಿ, ಲೈಟ್ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೀರಿ, ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಇದು ಗ್ಯಾಸ್ ಸೋರಿಕೆಗೇ ಇರೋ ಸಹಾಯವಾಣಿ. ಬೆಂಕಿ ಹೊತ್ತಿದ್ರೆ 112. ಸ್ಯಾನಿಟೈಸರ್, ಥಿನ್ನರ್, ಪೆಟ್ರೋಲ್ ಇಟ್ಟಿರೋ ಕಡೆಯೂ ಬ್ಯಾಟ್ ಬೇಡ. ಪೇಂಟ್ ಅಂಗಡಿಯವರು, ಗ್ಯಾರೇಜಿನವರು ಗಮನಿಸಿ.

ರಿಪೇರಿ ಮಾಡೋ ಮುಂಚೆ

ಪ್ಲಗ್ ನೇರ ಹಿಡಿಕೆಯಲ್ಲೇ ಇರೋ ಕಡಿಮೆ ಬೆಲೆಯ ಬ್ಯಾಟ್‌ಗಳಲ್ಲಿ ಚಾರ್ಜ್ ಮಾಡೋಕೆ ಟ್ರಾನ್ಸ್‌ಫಾರ್ಮರ್ ಇರಲ್ಲ. 230 ವೋಲ್ಟ್ ಒಂದು ಕೆಪಾಸಿಟರ್ ಮೂಲಕ ಇಳಿದು ಬ್ಯಾಟರಿಗೆ ಬರುತ್ತೆ. ಅಂದ್ರೆ ಚಾರ್ಜಿಗೆ ಹಾಕಿದಾಗ ಒಳಗಿನ 4 ವೋಲ್ಟ್ ಬ್ಯಾಟರಿಯ ತುದಿ ಮುಟ್ಟಿದ್ರೂ ಮೈನ್ಸ್ ಲೈನ್ ಮುಟ್ಟಿದ ಹಾಗೆ. ಜೀವ ಹೋಗೋದು 1,500 ವೋಲ್ಟ್ ಕಿಡಿಯಿಂದ ಅಲ್ಲ, ಇಲ್ಲಿಂದ. ಪ್ಲಗ್‌ಗೆ ಹಾಕಿಕೊಂಡು ಸೊಳ್ಳೆ ಹೊಡೆಯೋರನ್ನೂ ನೋಡಿದ್ದೀನಿ. ದಯವಿಟ್ಟು ಬೇಡ.

ಪ್ಲಗ್ ಕಿತ್ತ ಮೇಲೂ ಬಲೆಯಲ್ಲಿ ವೋಲ್ಟೇಜ್ ಸ್ವಲ್ಪ ಹೊತ್ತು ಉಳಿದಿರುತ್ತೆ. ಒಳ್ಳೇ ತಯಾರಿಕೆಯಲ್ಲಿ ಅದನ್ನ ಖಾಲಿ ಮಾಡೋಕೆ ಒಂದು ದೊಡ್ಡ ಬೆಲೆಯ ರೆಸಿಸ್ಟರ್ ಹಾಕಿರ್ತಾರೆ, ಒಂದೆರಡು ಸೆಕೆಂಡಲ್ಲಿ ಇಳಿದುಬಿಡುತ್ತೆ. ಅಗ್ಗದ್ದರಲ್ಲಿ ಅದನ್ನೂ ಉಳಿಸಿರ್ತಾರೆ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಎರಡೂ ಬಲೆ ಒಟ್ಟಿಗೆ ಮುಟ್ಟಿಸಿ, ಚಟ್ ಅಂದ ಮೇಲೆ ಕೈ ಹಾಕಿ.

ಇನ್ನೊಂದು. 4 ವೋಲ್ಟ್ ಲೆಡ್ ಬ್ಯಾಟರಿ ಹೋದಾಗ ಹಳೇ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ ಕೂರಿಸೋ ಅಭ್ಯಾಸ ಇದೆ. ಸೆಲ್ ತುಂಬಿದ ಮೇಲೆ ನಿಲ್ಲಿಸೋ ವ್ಯವಸ್ಥೆ ಆ ಚಾರ್ಜರ್‌ನಲ್ಲಿ ಇಲ್ಲ. ರಾತ್ರಿ ಪೂರ್ತಿ ಹಾಕಿಟ್ರೆ ಸೆಲ್ ಉಬ್ಬಿ ಬೆಂಕಿ ಹತ್ತಬಹುದು. ಲೆಡ್ ಬ್ಯಾಟರಿ ತೆಗೆದ ಕಡೆ ಲೆಡ್ ಬ್ಯಾಟರಿಯನ್ನೇ ಹಾಕಿ. ಎಸ್‌ಪಿ ರೋಡ್‌ನಲ್ಲಿ ಸಿಗುತ್ತೆ.

ಮಾರೋರಿಗೆ ಒಂದು ಮಾಹಿತಿ: ಒಂದಕ್ಕೆ 121 ರೂಪಾಯಿಗಿಂತ ಕಡಿಮೆ ಆಮದು ಬೆಲೆ ಬೀಳೋ ಸೊಳ್ಳೆ ಬ್ಯಾಟ್‌ಗಳನ್ನ ವಿದೇಶದಿಂದ ತರೋದನ್ನ ಕೇಂದ್ರ ಸರ್ಕಾರ 2021ರ ಏಪ್ರಿಲ್‌ನಲ್ಲಿ ನಿಷೇಧ ಮಾಡಿದೆ. ಹೆಸರು, ವಿಳಾಸ, ಬಿಲ್ ಏನೂ ಇಲ್ಲದ ಮಾಲು ತೀರಾ ಅಗ್ಗಕ್ಕೆ ಬಂದ್ರೆ ಎರಡು ಸಲ ಯೋಚಿಸಿ.

ತೋಟದ ಬೇಲಿಯೂ ಇದೇ ಕುಟುಂಬ

ಹಂದಿ ಕಾಟಕ್ಕೆ ತೋಟದವರು ಹಾಕಿಸೋ ಸೋಲಾರ್ ಬೇಲಿ, ಮಲೆನಾಡಿನ ಕಡೆ ಐಬೆಕ್ಸ್ ಬೇಲಿ ಅಂತಾರಲ್ಲ, ಅದರದ್ದೂ ಇದೇ ತತ್ವ. 12 ವೋಲ್ಟ್ ಬ್ಯಾಟರಿ, ಹೊರಗೆ 10,000 ವೋಲ್ಟ್‌ವರೆಗೆ. ಆದ್ರೆ ಸೆಕೆಂಡಿಗೆ ಒಂದೇ ಏಟು, ಅದೂ ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಚಿಕ್ಕದು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಏಟಿನ ಶಕ್ತಿ 5 ಜೂಲ್ ಮೀರೋ ಹಾಗಿಲ್ಲ. ಎರಡು ಏಟಿನ ನಡುವಿನ ಬಿಡುವಿನಲ್ಲಿ ಪ್ರಾಣಿಯಾಗಲಿ ಮನುಷ್ಯನಾಗಲಿ ಕೈ ಬಿಡಿಸಿಕೊಂಡು ಹಿಂದೆ ಸರೀಬಹುದು. ಆ ಮೆಷಿನ್ ಖರ್ಚು ಉಳಿಸೋಕೆ ಕಂಬದಿಂದ ನೇರ ತಂತಿ ಎಳೆದ್ರೆ ಆ ಬಿಡುವೇ ಇರಲ್ಲ. ಮೈಯಲ್ಲಿ ಹರಿಯೋ ಕರೆಂಟ್ 10 ಮಿಲಿ ಆಂಪಿಯರ್ ಸುತ್ತ ಬಂದ್ರೆ ಸ್ನಾಯು ಬಿಗಿದು ಕೈ ಬಿಡೋಕಾಗಲ್ಲ. ರಾಜ್ಯದಲ್ಲಿ ಆನೆಗಳೂ, ರೈತರೂ ಇಂಥ ಬೇಲಿಗಳಿಗೆ ಸತ್ತಿದ್ದಾರೆ. 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್‌ನಲ್ಲಿ ಕಂಬದಿಂದ ಕರೆಂಟ್ ಕದಿಯೋದು ಕ್ರಿಮಿನಲ್ ಕೇಸು, ಯಾರಾದ್ರೂ ಸತ್ರೆ ಅದರ ಕೇಸು ಬೇರೆ. ಇಂಥ ತಂತಿ ಎಲ್ಲಾದ್ರೂ ಕಂಡ್ರೆ ಮುಟ್ಟೋಕೆ ಹೋಗದೆ ಬೆಸ್ಕಾಂ 1912ಕ್ಕೆ ಹೇಳಿ.

ಕೆಟ್ಟ ಬ್ಯಾಟ್ ಕಸದ ಗಾಡಿಗೆ ಹಾಕೋ ಮುಂಚೆ ಬ್ಯಾಟರಿ ಬಿಚ್ಚಿಕೊಳ್ಳಿ. ಅದರಲ್ಲಿ ಸೀಸ ಮತ್ತು ಆಸಿಡ್ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನ ಮನೆ ಕಸದ ಜೊತೆ ಸೇರಿಸೋ ಹಾಗಿಲ್ಲ. ಬೈಕ್ ಬ್ಯಾಟರಿ ಅಂಗಡಿಯಲ್ಲಿ ಹಳೇದು ತಗೊಳ್ತಾರಾ ಕೇಳಿ ನೋಡಿ.