ಜಾಲತಾಣಗಳೂ ಇಂಗ್ಲಿಷ್ ಪಾಠವೂ: ದಾವಣಗೆರೆ–ಹರಿಹರದ ತರಗತಿಗಳಿಗೆ ಒದಗುವ ಸಾಮಗ್ರಿ

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007–08ನೇ ಸಾಲಿನಿಂದ ಒಂದನೇ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷಾ ವಿಷಯವಾಗಿ ಕಲಿಸಲಾಗುತ್ತಿದೆ. ಆದರೂ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಲಿನ ಬಡಾವಣೆಗಳಲ್ಲಾಗಲಿ, ತುಂಗಭದ್ರೆಯ ದಡದ ಹರಿಹರದಲ್ಲಾಗಲಿ ಬೆಳೆಯುವ ಮಗುವಿನ ಕಿವಿಗೆ ಮನೆಯಲ್ಲಿ, ಬೀದಿಯಲ್ಲಿ, ಸಂತೆಯಲ್ಲಿ ಬೀಳುವುದು ಹೆಚ್ಚಾಗಿ ಕನ್ನಡ ಮತ್ತು ಉರ್ದು. ಇಂಗ್ಲಿಷ್ ಬಹುಮಟ್ಟಿಗೆ ದಿನಕ್ಕೊಂದು ಪಿರಿಯಡ್‌ಗೆ, ಒಂದು ಪಠ್ಯಪುಸ್ತಕದ ಪುಟಗಳಿಗೆ ಸೀಮಿತವಾಗಿ ಉಳಿಯುತ್ತದೆ. ಹೀಗಾಗಿ ಈ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕೊರತೆಯಾಗಿರುವುದು ಅರ್ಥವುಳ್ಳ ಇಂಗ್ಲಿಷಿನ ಒಡನಾಟ, ಮತ್ತು ಜಾಲತಾಣಗಳು ಶಿಕ್ಷಕರಿಗೆ ಒದಗಬಹುದಾದದ್ದು ಮುಖ್ಯವಾಗಿ ಇಲ್ಲಿಯೇ.

ಇದರ ಹಿಂದಿರುವ ಬೋಧನಾ ತತ್ವ ಕನ್ನಡ ನಾಡಿನಲ್ಲಿಯೇ ಪರೀಕ್ಷೆಗೊಳಗಾದದ್ದು. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆಲೆಯಿಂದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗವು ‘ಬೆಂಗಳೂರು ಯೋಜನೆ’ ಎಂದು ಜಗತ್ತಿನ ಭಾಷಾಬೋಧಕರಿಗೆಲ್ಲ ಪರಿಚಿತವಾಯಿತು. ಮಗುವಿನ ಗಮನ ವ್ಯಾಕರಣದ ರೂಪಗಳಿಗಿಂತ ಅರ್ಥದ ಮೇಲೆ ನೆಟ್ಟಿರುವಾಗ ಭಾಷೆಯ ರಚನೆ ತಾನಾಗಿ ಮೈಗೂಡುತ್ತದೆ ಎಂಬುದು ಅದರ ನಂಬಿಕೆಯಾಗಿದ್ದು, ಅದಕ್ಕಾಗಿ ಭೂಪಟ, ವೇಳಾಪಟ್ಟಿಗಳಂತಹ ಸಾಮಗ್ರಿಯನ್ನು ಕೊಟ್ಟು ಒಂದು ಸಮಸ್ಯೆಯನ್ನು ಬಿಡಿಸಲು ಹೇಳಲಾಗುತ್ತಿತ್ತು. ಕೊಟ್ಟ ಮಾಹಿತಿಯಿಂದ ಹೊಸದೊಂದು ತೀರ್ಮಾನಕ್ಕೆ ಬರಬೇಕಾದ ಇಂತಹ ಚಟುವಟಿಕೆಯನ್ನು ಪ್ರಭು ಅವರು ‘ತರ್ಕದ ಅಂತರ’ವನ್ನು ತುಂಬುವ ಚಟುವಟಿಕೆ ಎಂದು ಗುರುತಿಸಿ, ಉಳಿದ ಬಗೆಗಳಿಗಿಂತ ಹೆಚ್ಚು ಫಲಕಾರಿಯೆಂದು ಭಾವಿಸಿದ್ದರು. ಅವರ ಕಾಲದಲ್ಲಿ ಅಂತಹ ಪ್ರತಿಯೊಂದು ಹಾಳೆಯನ್ನೂ ಶಿಕ್ಷಕರು ಕೈಯಾರೆ ಸಿದ್ಧಪಡಿಸಬೇಕಾಗಿತ್ತು. ಇಂದು ಅದಕ್ಕೆ ಬೇಕಾದ ಸಾಮಗ್ರಿ ದಿನವೂ ಹೊಸದಾಗಿ ಜಾಲದಲ್ಲಿ ದೊರೆಯುತ್ತದೆ.

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿರುವ ಈ ಎರಡು ಊರುಗಳ ಮಕ್ಕಳಿಗೆ ರೈಲ್ವೆಯ ಜಾಲತಾಣದ ಇಂಗ್ಲಿಷ್ ವೇಳಾಪಟ್ಟಿಯೇ ಒಂದು ಒಳ್ಳೆಯ ಪಾಠವಾಗಬಲ್ಲದು. ಮಧ್ಯಾಹ್ನದೊಳಗೆ ಬೆಂಗಳೂರು ಮುಟ್ಟಬೇಕಾದವರು ಹರಿಹರದಲ್ಲಿ ಯಾವ ಗಾಡಿ ಹತ್ತಬೇಕು, ಅದು ತಪ್ಪಿದರೆ ದಾವಣಗೆರೆಯಿಂದ ಮುಂದಿನದು ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮಗು ‘ಅರೈವಲ್’, ‘ಡಿಪಾರ್ಚರ್’ ಎಂಬ ಪದಗಳನ್ನು ಬಾಯಿಪಾಠ ಮಾಡದೆಯೇ ತನ್ನದಾಗಿಸಿಕೊಳ್ಳುತ್ತದೆ. ದಾವಣಗೆರೆ ಮೆಕ್ಕೆಜೋಳದ ದೊಡ್ಡ ಮಾರುಕಟ್ಟೆಯಾದ್ದರಿಂದ, ದೇಶದ ಕೃಷಿ ಮಾರುಕಟ್ಟೆಗಳ ಧಾರಣೆಯನ್ನು ಪ್ರಕಟಿಸುವ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣವೂ ಅಷ್ಟೇ ಉಪಯುಕ್ತ. ಅಲ್ಲಿ ಕನಿಷ್ಠ ಮತ್ತು ಗರಿಷ್ಠ ದರಗಳೊಂದಿಗೆ ‘ಮೋಡಲ್ ಪ್ರೈಸ್’ ಎಂಬ ಇನ್ನೊಂದು ದರವೂ ಇರುತ್ತದೆ. ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರವದು. ಯಾವ ಮಾರುಕಟ್ಟೆಗೆ ಮಾಲು ಒಯ್ಯುವುದು ಲಾಭಕರ, ಏಕೆ, ಎಂದು ಎರಡು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಬೇಕಾದ ರೈತರ ಮನೆಯ ಹುಡುಗಿಗೆ ವಿಷಯದ ಅರಿವು ಮೊದಲೇ ಇರುತ್ತದೆ, ಹೊಸದಾಗಿ ಕಲಿಯಬೇಕಾದದ್ದು ಭಾಷೆ ಮಾತ್ರ. ಬಿಟ್ಟ ಸ್ಥಳ ತುಂಬಿಸುವ, ಸರಿಯಾದ ಉತ್ತರಕ್ಕೆ ಚಪ್ಪಾಳೆಯ ಸದ್ದು ಮಾಡುವ ರಸಪ್ರಶ್ನೆಯ ತಾಣಗಳಿಂದ ಇಷ್ಟು ದೂರ ಬರಲಾಗದು.

ಓದಿನ ವಿಷಯದಲ್ಲಿಯೂ ಪರಿಚಿತ ಸಂಗತಿಯೇ ಮೊದಲ ಮೆಟ್ಟಿಲಾಗಬೇಕು. ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಬಗ್ಗೆ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಲೇಖನವಿದೆ. ಅದರ ಒಂದು ಭಾಗವನ್ನು ಶಿಕ್ಷಕರು ಸರಳ ವಾಕ್ಯಗಳಲ್ಲಿ ಮತ್ತೆ ಬರೆದುಕೊಟ್ಟರೆ, ಹರಿಹರದ ಮಕ್ಕಳು ಪ್ರತಿ ವಾಕ್ಯವನ್ನೂ ತಾವು ಕಣ್ಣಾರೆ ಕಂಡದ್ದರೊಡನೆ ಹೋಲಿಸಿ ಓದಬಲ್ಲರು. ಕಿರಿಯ ತರಗತಿಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಸೂಕ್ತವಾದುದು. ಅಲ್ಲಿ ಕಥೆಗಳನ್ನು ಓದಿನ ಹಂತಕ್ಕನುಗುಣವಾಗಿ ವಿಂಗಡಿಸಲಾಗಿದ್ದು, ಅನೇಕ ಕಥೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಇವೆ. ಕನ್ನಡದಲ್ಲಿ ಓದಿ ನಕ್ಕ ಕಥೆಯನ್ನೇ ಇಂಗ್ಲಿಷಿನಲ್ಲಿ ಓದುವ ಮಗುವಿಗೆ ಅರ್ಥ ತಪ್ಪಿಹೋಗುವ ಭಯವಿರುವುದಿಲ್ಲ. ಇಂಗ್ಲಿಷ್ ಕಲಿಸಬೇಕಾದರೆ ಕನ್ನಡವನ್ನು ತರಗತಿಯಿಂದ ಹೊರಗಿಡಬೇಕೆಂಬ ಹಳೆಯ ಕಟ್ಟುಪಾಡನ್ನು ಕೈಬಿಡುವುದಕ್ಕೆ ಇದೊಂದೇ ಕಾರಣ ಸಾಕು. ನಿಘಂಟಿಗೆ ಬಂದರೆ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಶ್ರಮಿಸಿ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿದೆ.

ಪ್ರತಿ ಮಗುವಿನ ಮುಂದೆ ಕಂಪ್ಯೂಟರ್ ಇರಬೇಕೆಂಬುದು ಇದಕ್ಕೆ ಷರತ್ತಲ್ಲ. ಶಿಕ್ಷಕರ ಒಂದು ಮೊಬೈಲ್, ಒಂದು ಜೆರಾಕ್ಸ್ ಅಂಗಡಿ, ಪಾಠಕ್ಕೆ ಮುನ್ನ ಒಂದಿಷ್ಟು ಸಿದ್ಧತೆ ಇದ್ದರೆ ಮೇಲಿನ ಎಲ್ಲ ಚಟುವಟಿಕೆಗಳೂ ಸಾಧ್ಯ. ಪುಟವನ್ನು ಮೊದಲೇ ಮುದ್ರಿಸಿಕೊಂಡರೆ ನೆಟ್‌ವರ್ಕ್ ಕೈಕೊಡುವ ಚಿಂತೆಯೂ ಜಾಹೀರಾತುಗಳ ಕಾಟವೂ ತಪ್ಪುತ್ತವೆ. ಹಕ್ಕುಸ್ವಾಮ್ಯದ ಅಳುಕಿಗೂ ಹೆಚ್ಚಿನ ಆಸ್ಪದವಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಕೃತಿಯ ಪ್ರತಿ ಮಾಡಿಕೊಳ್ಳುವುದಕ್ಕೆ ಅವಕಾಶ ಕೊಟ್ಟಿದೆ, ವಿಕಿಪೀಡಿಯಾ ಮತ್ತು ಸ್ಟೋರಿವೀವರ್‌ಗಳಂತೂ ಮೂಲವನ್ನು ಹೆಸರಿಸಿದರೆ (ವಿಕಿಪೀಡಿಯಾದ ಪಠ್ಯವನ್ನಾದರೆ ಅದೇ ಪರವಾನಗಿಯಡಿ ಹಂಚಿದರೆ) ಪಠ್ಯವನ್ನು ಮಾರ್ಪಡಿಸಿ ಹಂಚಲು ಮುಕ್ತ ಪರವಾನಗಿಯನ್ನೇ ನೀಡಿವೆ.

ಒಬ್ಬ ಶಿಕ್ಷಕಿ ಒಂದು ಸಂಜೆ ಕುಳಿತು ಮಾಡಿದ ಹಾಳೆ ಅವರ ಶಾಲೆಯಲ್ಲಿಯೇ ಉಳಿದುಬಿಡುವುದು ಮಾತ್ರ ದೊಡ್ಡ ನಷ್ಟ. ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಇಂಗ್ಲಿಷ್ ಶಿಕ್ಷಕರು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಇಂತಹ ಹಾಳೆಗಳನ್ನು ಪರಸ್ಪರ ಹಂಚಿಕೊಂಡು, ತಿದ್ದಿ, ರಾಜ್ಯದ ಉಳಿದ ಶಿಕ್ಷಕರಿಗೂ ದೊರೆಯುವಂತೆ ಮುಕ್ತವಾಗಿ ಪ್ರಕಟಿಸುವ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.