ಪರಿಮಳ ಬೇಕು, ಹೊಗೆ ಬೇಡ

ಮಕ್ಕಳೇ, ಕಳಸದ ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಊದುಬತ್ತಿ, ಪರಿಮಳದ ಮೇಣದಬತ್ತಿ ಹಚ್ಚುತ್ತೀರಲ್ಲವೇ? ಅವುಗಳ ಸುವಾಸನೆ ಹೆಚ್ಚಾಗಿ ಕಾರ್ಖಾನೆಯ ರಾಸಾಯನಿಕಗಳದು. ಉರಿದಾಗ ಮಸಿಯ ಜೊತೆಗೆ ಫಾರ್ಮಾಲ್ಡಿಹೈಡ್‌ನಂತಹ ಅನಿಲಗಳೂ ಹೊರಬರುತ್ತವೆ. ಹೊಗೆಯ ಬಹುಪಾಲು ಕಣಗಳು 2.5 ಮೈಕ್ರೋಮೀಟರ್‌ಗಿಂತ ಚಿಕ್ಕವು. ನಮ್ಮ ತಲೆಗೂದಲಿನ ದಪ್ಪ ಇದರ ಇಪ್ಪತ್ತು ಪಟ್ಟಿಗೂ ಹೆಚ್ಚು! ಆದ್ದರಿಂದ ಅವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಉಬ್ಬಸವಿರುವವರಿಗೆ ಉಸಿರು ಕಟ್ಟಬಹುದು.

ನಮ್ಮ ಕಾಡಿನ ರಾಳಧೂಪ, ಹಾಲುಮಡ್ಡಿ ಆಗಬಹುದೇ? ಅವು ಮರದ ಅಂಟು, ನಿಜ. ಆದರೆ ಉರಿದರೆ ಹೊಗೆ ಬಂದೇ ಬರುತ್ತದೆ. ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯವಲ್ಲ.

ಉರಿಸದ ಪರಿಮಳವೇ ಮೇಲು. ಒಣಗಿದ ಸುರಗಿ ಹೂ, ಏಲಕ್ಕಿ ಸಿಪ್ಪೆ, ಲಾವಂಚದ ಬೇರನ್ನು ತಟ್ಟೆಯಲ್ಲಿಡಿ. ಬೇರಿಗೆ ನೀರು ಚಿಮುಕಿಸಿ, ಕಂಪು ಹೆಚ್ಚುವುದನ್ನು ಗಮನಿಸಿ. ಧೂಪ ಹಾಕಲೇಬೇಕಾದ ದಿನ ಕಿಟಕಿ ತೆರೆಯಿರಿ. ಪುಟ್ಟ ತಂಗಿ, ತಮ್ಮನನ್ನು ಬೇರೆ ಕೋಣೆಯಲ್ಲಿ ಆಡಿಸಿ.